ಉಡಿಯೊಳಗಿನ ಲಕೋಟೆ

ಶ್ರಾವಣದ ಎರಡನೆಯ ಶುಕ್ರವಾರ ಬೆಳಿಗ್ಗೆ ಸುಶೀಲಾಬಾಯಿ ಕಾಕು ಫೋನು ಮಾಡಿ, ಸಂಜೆ ಮನೆಗೆ ಬಾ, ಉಡಿ ತುಂಬಬೇಕು ಎಂದರು. ನಾನು ಆಫೀಸಿಗೆ ಹೊರಟಿದ್ದೆ. ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡಿದ್ದೆ.

"ಯಾರಿಗೆ ಕಾಕು?"

"ನಿನಗವಾ ಸ್ಫೂರ್ತಿ. ಮತ್ಯಾರಿಗೆ."

"ನನಗ?"

"ಹೂಂ. ಆಫೀಸಿನಿಂದ ಸೀದಾ ಬಾ. ಸೀರಿ ಇಲ್ಲೇ ಕೊಡ್ತೀನಿ."

ನಾನು ಏನಾದರೂ ಹೇಳುವ ಮೊದಲೇ ಫೋನು ಇಟ್ಟರು.

ನನ್ನ ಗಂಡ ನಿತೀಶ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ರವಿಕೆಯ ಖಣ ಎಲ್ಲವನ್ನೂ ಸೆರಗಿಗೆ ಸುರಿಯುವ ಆ ಮರ್ಯಾದೆ ಗಂಡನಿರುವವರದು. ಹೋದ ಶ್ರಾವಣದಲ್ಲಿ ಕಾಕು ನನ್ನನ್ನು ಕರೆದದ್ದು ಶನಿವಾರ. ಶುಕ್ರವಾರದ ಹೋಳಿಗೆ ಉಳಿದಿತ್ತು. ನಾನು ತಿಂದು ಬಂದಿದ್ದೆ. ಬೇಸರವಾಗಿರಲಿಲ್ಲ. ಆಗ ಯಾವುದಕ್ಕೂ ಬೇಸರವಾಗುತ್ತಿರಲಿಲ್ಲ.

ನಾನು ಲಂಡನ್ನಿನ ಒಂದು ಸ್ಥಳೀಯ ಕೌನ್ಸಿಲ್‌ನಲ್ಲಿ ಕೆಲಸ ಮಾಡುತ್ತೇನೆ. ಮುಂದಿನ ವರ್ಷಗಳಲ್ಲಿ ಯಾವ ಬಡಾವಣೆಯ ಎಷ್ಟು ಮಕ್ಕಳು ಯಾವ ಶಾಲೆಗೆ ಬಂದಾರು ಎಂದು ಅಂದಾಜು ಕಟ್ಟುವ ಕೆಲಸ. ಒಂದೇ ಒಂದು ಅಂಕಿ ಉಳಿದವುಗಳಿಂದ ದೂರ ಹೋಗಿ ಕುಳಿತಿದ್ದರೆ ಮೊದಲು ಅದನ್ನು ಅನುಮಾನಿಸಬೇಕು. ಸಂಬಳ ಕೊಡುವುದು ಅದಕ್ಕೇ. ಆ ದಿನವೆಲ್ಲ ನಾನು ಕಾಕುವಿನ ಫೋನನ್ನು ಅನುಮಾನಿಸಿದೆ.

ಸ್ಟ್ಯಾನ್‌ಮೋರಿನಲ್ಲಿ ಅವರ ಮನೆ. ಅವರ ಗಂಡ ಮಲ್ಲಪ್ಪ ಕಾಕಾ ಇಳಕಲ್ಲಿನಿಂದ ಕೆಂಪು ಗ್ರಾನೈಟ್ ತರಿಸಿ ಇಲ್ಲಿಯ ಅಡುಗೆಮನೆಗಳಿಗೆ, ಗೋರಿಗಳಿಗೆ ಕತ್ತರಿಸಿ ಕೊಡುತ್ತಾರೆ. ನನಗೂ ಅವರಿಗೂ ರಕ್ತಸಂಬಂಧವಿಲ್ಲ. ಧಾರವಾಡದಲ್ಲಿ ನಮ್ಮ ಅಪ್ಪನ ವಿದ್ಯಾರ್ಥಿಯೊಬ್ಬರು ಕೊಟ್ಟ ಫೋನ್ ನಂಬರಿನಿಂದ ಶುರುವಾದ ಪರಿಚಯ. ಆದರೆ ನಿತೀಶ ಕ್ಯಾನರಿ ವಾರ್ಫ್‌ನ ಆಫೀಸಿನಲ್ಲಿ ಕುರ್ಚಿಯಿಂದ ಕೆಳಗೆ ಬಿದ್ದ ದಿನ ಮೊದಲು ಬಂದವರು ಇವರೇ. ಕಾಕು ನನ್ನ ಫ್ಲ್ಯಾಟಿನ ನೆಲದ ಮೇಲೆ ನನ್ನ ಪಕ್ಕದಲ್ಲಿ ಮಲಗಿದರು. ಹೆಣವನ್ನು ಬೆಳಗಾವಿಗೆ ಒಯ್ಯುವ ಎಲ್ಲ ಓಡಾಟ ಕಾಕಾನದು. ನನ್ನದು ಅಮೆರಿಕದ ಪಾಸ್‌ಪೋರ್ಟ್. ಭಾರತಕ್ಕೆ ಹೋಗಲು ನನಗೂ ವೀಸಾ ಬೇಕಿತ್ತು. ಆಲ್ಡ್‌ವಿಚ್‌ನ ಹೈಕಮಿಷನ್ನಿನ ಸಾಲಿನಲ್ಲಿ ನನ್ನ ಪರವಾಗಿ ಅವರು ನಿಂತರು. ನಾನು ಹೊರಗೆ ಟ್ಯಾಕ್ಸಿಯಲ್ಲಿ ಕುಳಿತಿದ್ದೆ.

ಆ ಮನೆ ಬಿಟ್ಟರೆ ಲಂಡನ್ನಿನಲ್ಲಿ ಬೆಲ್ ಒತ್ತದೆ ಒಳಗೆ ಹೋಗಬಹುದಾದ ಇನ್ನೊಂದು ಮನೆ ನನಗಿರಲಿಲ್ಲ.

ಸಂಜೆ ಹೋದಾಗ ಹೊರಗೆ ಚಪ್ಪಲಿಗಳಿರಲಿಲ್ಲ. ಮುತ್ತೈದೆಯಾಗಿದ್ದಾಗ ನಾನು ಈ ಮನೆಯ ಶುಕ್ರವಾರಕ್ಕೆ ಬಂದಿದ್ದೆ. ಬಾಗಿಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಈಗ ಮುಂದಿನ ಕೋಣೆಯ ಪರದೆ ಎಳೆದಿತ್ತು. ಒಳಗೆ ಕಾಕು ಒಬ್ಬರೇ. ಮಣೆ, ಉರಿಯುವ ಸಮೆ ದೀಪ, ತಟ್ಟೆ.

"ಉಳಿದಾವರು?" ಎಂದೆ.

"ಅವರು ಮಧ್ಯಾಹ್ನ ಬಂದು ಹೋದರು."

ನಾನು ಸೀರೆ ಉಟ್ಟುಕೊಂಡು ಬಂದು ಕುಳಿತೆ. ಕಾಕು ಕುಂಕುಮದ ಬಟ್ಟಲು ಎತ್ತಿಕೊಂಡು ಒಂದು ಕ್ಷಣ ನನ್ನ ಮುಖ ನೋಡಿದರು.

"ಹಚ್ಚಲೇನು?"

ಹೂಂ ಎಂದೆ. ಅವರ ಬೆರಳು ತಣ್ಣಗಿತ್ತು. ಆಮೇಲೆ ಸೆರಗು ಒಡ್ಡಿದೆ. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಅರಿಷಿಣದ ಬೇರು, ಬೆಟ್ಟಡಿಕೆ, ಉತ್ತತ್ತಿ. ಕೊನೆಗೆ ಗುಳೇದಗುಡ್ಡದ ಖಣ. ಖಣದ ಮಡಿಕೆಯೊಳಗೆ ಏನೋ ಗಟ್ಟಿಯಾಗಿ, ಚೌಕಾಗಿ ಇತ್ತು. ಕಾಕು ಅದನ್ನು ಹಾಕುವಾಗ ನನ್ನ ಕಡೆ ನೋಡಲಿಲ್ಲ.

ಮನೆಗೆ ಬಂದು ಬಿಚ್ಚಿದೆ. ಲಕೋಟೆಯ ತುಂಬ ಹೊಸ ಪೌಂಡಿನ ನೋಟುಗಳು. ಉಡಿಯಲ್ಲಿ ಐದೋ ಹತ್ತೋ ಇಡುವುದು ನಮ್ಮ ಕಡೆಯ ರೂಢಿ. ಇದು ನನ್ನ ತಿಂಗಳ ಸಂಬಳಕ್ಕೆ ಹತ್ತಿರವಿತ್ತು. ಎಣಿಸಲು ಹೋಗಲಿಲ್ಲ. ಲಕೋಟೆಯನ್ನು ಬಟ್ಟೆಯ ಬೀರುವಿನಲ್ಲಿಟ್ಟು ಮುಖ ತೊಳೆದೆ. ಕುಂಕುಮ ಹೋಗದಂತೆ ತೊಳೆಯಲು ಹೋಗಿ, ಯಾಕೆ ಹಾಗೆ ಮಾಡುತ್ತಿದ್ದೇನೆ ಎಂದು ಹೊಳೆದು ಪೂರ್ತಿ ತೊಳೆದುಬಿಟ್ಟೆ.

ಭಾನುವಾರ ಮಲ್ಲಪ್ಪ ಕಾಕಾ ಬಂದರು. ನನ್ನ ಫ್ಲ್ಯಾಟು ಕ್ವೀನ್ಸ್‌ಬರಿಯಲ್ಲಿ, ಮಿಠಾಯಿ ಅಂಗಡಿಯೊಂದರ ಮೇಲೆ. ಮೆಟ್ಟಿಲು ಹತ್ತಿದ ದಣಿವಿಗೆ ಅವರು ಮೊದಲು ಕುಳಿತು ಸುಧಾರಿಸಿಕೊಂಡರು. ಕೈಯಲ್ಲಿ ಕಾಕು ಕೊಟ್ಟ ಖಡಕ್ ರೊಟ್ಟಿಯ ಡಬ್ಬಿ.

"ಕೆಳಗ ಜಿಲೇಬಿ ಕರೀತಾನ, ಮ್ಯಾಲ ನೀ ಹೆಂಗ ತಡಕೊಂಡಿರ್ತೀವಾ," ಎಂದರು.

"ರೂಢಿ ಆಗೇತಿ ಕಾಕಾ."

ಚಹಾ ಕುಡಿದರು. ಕಿಟಕಿಯ ಕಟ್ಟೆಯ ಮೇಲೆ ಕೈಯಾಡಿಸಿ, ಇದು ಲ್ಯಾಮಿನೇಟ್, ಉಬ್ಬಿ ಬರ್ತದ ನೋಡು ಎಂದರು. ಆಮೇಲೆ ಕ್ಯಾನರಿ ವಾರ್ಫ್‌ನಲ್ಲಿ ಏಳುತ್ತಿರುವ ಹೊಸ ಗೋಪುರದ ಮಾತು ತೆಗೆದರು. ಅದನ್ನು ಕಟ್ಟಿಸುತ್ತಿರುವವರಲ್ಲಿ ಹ್ಯಾಲ್ವರ್ಸನ್ ಎಂಬ ಅಮೆರಿಕದವನೊಬ್ಬ. ಕೆಳಗಿನ ದೊಡ್ಡ ಹಜಾರಕ್ಕೆ ಕಲ್ಲು ಬೇಕು. ಇಟಲಿಯವರೂ ಕೇಳುತ್ತಿದ್ದಾರೆ, ಬ್ರೆಜಿಲ್ಲಿನವರೂ ಕೇಳುತ್ತಿದ್ದಾರೆ.

"ಇಳಕಲ್ಲಿನ ಕೆಂಪು ಹಾಸಿದರ ಅಲ್ಲಿ ಕಾಲಿಡೋ ಮಂದಿ ಎಲ್ಲಾ ನಮ್ಮೂರಿನ ಮ್ಯಾಲ ನಡದಂಗ. ಹೌದಲ್ಲೋ?"

"ಹೌದು ಕಾಕಾ."

"ಆದರ ಈ ಹ್ಯಾಲ್ವರ್ಸನ್‌ಗ ಕಲ್ಲಿಗಿಂತ ಎಲೆಕ್ಷನ್ನಿನ ಚಿಂತಿ. ಮುಂದಿನ ವರ್ಷ ಅವರ ಪ್ರೆಸಿಡೆಂಟ್ ಚುನಾವಣಿ. ಇಂವ ಲಂಡನ್ನಿನಾಗ ಕೂತು ತಮ್ಮ ಕ್ಯಾಂಡಿಡೇಟಿಗೆ ದೇಣಿಗಿ ಕೂಡಸ್ತಾನ. ಹೆಚ್ಚು ಕೂಡಿಸಿದವಗ ನಾಳೆ ಅವರು ಗೆದ್ದ ಮ್ಯಾಲ ಏನರ ಕುರ್ಚಿ ಸಿಗತೈತಂತ. ಒಂದು ಚಹಾಪಾರ್ಟಿ ಇಟ್ಟಾನ. ದೇಣಿಗಿ ಕೊಡಾವರಿಂದ ಒಂದು ಟೇಬಲ್ ತುಂಬಸ್ತೀನಿ ಅಂತ ಮಾತು ಕೊಟ್ಟೀನಿ."

"ನೀವು ಕೊಡಬಹುದೇನು ಕಾಕಾ? ನಿಮ್ಮದು ಬ್ರಿಟಿಷ್ ಪಾಸ್‌ಪೋರ್ಟ್."

"ಅದ ನೋಡು. ನಾ ಕೊಡೂಹಂಗಿಲ್ಲ. ಅಲ್ಲಿಯ ಸಿಟಿಜನ್ ಇರಬೇಕು, ಇಲ್ಲಾ ಗ್ರೀನ್ ಕಾರ್ಡ್ ಇರಬೇಕು." ನಕ್ಕರು. "ನಿಮ್ಮಪ್ಪ ಕ್ಯಾನ್ಸಸ್‌ಗ ಹೋಗಿ ಜ್ವಾಳದ ಮ್ಯಾಲ ಡಾಕ್ಟರ್ ಆದರು, ನೀ ಅಲ್ಲೇ ಹುಟ್ಟಿ ಅಮೆರಿಕಾದಾಕಿ ಆದಿ. ಎಷ್ಟು ವರ್ಷದಿಂದ ಆ ಪಾಸ್‌ಪೋರ್ಟು ಸುಮ್ಮನ ಬಿದ್ದೈತಿ. ಒಂದು ಸಲ ಕೆಲಸಕ್ಕ ಬರಲಿ."

ಮಾತು ತಿಳಿಯಿತು. ಆದರೂ ಅವರ ಬಾಯಿಂದಲೇ ಬರಲಿ ಎಂದು ಸುಮ್ಮನಿದ್ದೆ.

"ನಿನ್ನ ಕಾರ್ಡಿನಿಂದ ಕೊಡು. ರೊಕ್ಕ ನಿನ್ನ ಕಡೆ ಐತೆಲ್ಲ."

"ಅದು ನಿಮ್ಮ ರೊಕ್ಕ ಕಾಕಾ."

"ನಂದು ಹೆಂಗಾತು?" ಅವರಿಗೆ ನಿಜವಾಗಿ ಆಶ್ಚರ್ಯವಾದಂತಿತ್ತು. "ಉಡಿಯಾಗ ಬಿದ್ದದ್ದು ಉಡಿ ಒಡ್ಡಿದಾಕಿದು. ಅದನ್ನ ತಿರುಗಿ ಕೇಳೂದು ನಮ್ಮ ಮಂದಿಯಾಗ ಐತೇನು? ಯಾವ ಕೋರ್ಟಿನಾಗ ಬೇಕಾದರೂ ಹೇಳ್ತೀನಿ ನಾ. ಕೊಟ್ಟಾಗ ಅದು ನಿಂದಾತು. ನಿಂದನ್ನ ನೀ ಯಾರಿಗೆ ಬೇಕಾದರೂ ಕೊಡು."

"ಹಂಗಾದರ ನಾ ಯಾರಿಗೂ ಕೊಡದನೂ ಇರಬಹುದು."

ಕಾಕಾ ಚಹಾದ ಕಪ್ಪನ್ನು ಕೆಳಗಿಟ್ಟರು. ಒರಟು ಮಾತು ಆಡುವವರಲ್ಲ. ನಗುತ್ತಲೇ ಹೇಳಿದರು:

"ಇರಬಹುದವಾ. ಯಾಕಿರಬಾರದು. ನಿನ್ನ ಮನಿ, ನಮ್ಮ ಮನಿ ಅಂತ ನಾ ಎಂದೂ ಎಣಿಸಿಲ್ಲ. ನೀ ಎಣಸ್ತೀ ಅಂದರ ಬ್ಯಾರೆ ಮಾತು."

ಎದ್ದು ಹೊರಟರು. ಬಾಗಿಲಲ್ಲಿ ಕೇಳಿದೆ. "ಕಾಕುಗೆ ಗೊತ್ತೈತೇನು, ಲಕೋಟಿ ಯಾತಕ್ಕಂತ?"

"ಆಕಿಗೆ ಇದೆಲ್ಲಾ ಯಾಕ?" ಎಂದು ಮೆಟ್ಟಿಲಿಳಿದರು. "ಶ್ರೀಕಾಂತನೂ ಕೊಡಾಕತ್ತಾನ. ಬೇಕಾದರ ಅವನ್ನ ಕೇಳು."

ಗೊತ್ತು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಆ ರಾತ್ರಿ ಊಟ ಮಾಡುವಾಗ ಆಲ್ಡ್‌ವಿಚ್‌ನ ಸಾಲು ನೆನಪಿಗೆ ಬಂತು. ನನ್ನ ಪಾಸ್‌ಪೋರ್ಟನ್ನು ಅವರು ಅಂದು ಕೈಯಲ್ಲಿ ಹಿಡಿದಿದ್ದರು. ಅದಕ್ಕೆ ಮೊದಲು ನಾನು ಅಮೆರಿಕದ ಪ್ರಜೆ ಎಂದು ಅವರಿಗೆ ತಿಳಿದಿರಲಿಲ್ಲ. ಮಾತಿಗೆ ಬಂದೇ ಇರಲಿಲ್ಲ. ಹೆಣ ಶವಾಗಾರದಲ್ಲಿರುವಾಗ ತಿಳಿದ ಆ ಸಂಗತಿಯನ್ನು ಅವರು ಒಂದೂವರೆ ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು. ಅಥವಾ ಇಟ್ಟುಕೊಂಡಿರಲಿಲ್ಲ; ಈಗ ತಾನೇ ನೆನಪಾಗಿತ್ತು. ಎರಡರಲ್ಲಿ ಯಾವುದು ಎಂದು ತಿಳಿಯುವ ದಾರಿ ಇರಲಿಲ್ಲ.

ಕಾಕಾನ ವಿಷಯ ನನಗೆ ಅಷ್ಟು ಮುಖ್ಯವೂ ಆಗಿರಲಿಲ್ಲ. ಅವರು ವ್ಯಾಪಾರದವರು. ನನಗೆ ತಿಳಿಯಬೇಕಾಗಿದ್ದದ್ದು ಒಂದೇ. ಕಾಕು ಹಚ್ಚಲೇನು ಎಂದು ಕೇಳಿದ್ದು ನನ್ನನ್ನೋ, ನನ್ನ ಪಾಸ್‌ಪೋರ್ಟನ್ನೋ?

ಶ್ರೀಕಾಂತ್ ಉಡುಪಿಯವನು. ಕ್ವೀನ್ಸ್‌ಬರಿ ಸ್ಟೇಷನ್ನಿನ ಹತ್ತಿರ ಅವನ ಹೋಟೆಲು. ಮೊದಲು ನ್ಯೂಜೆರ್ಸಿಯಲ್ಲಿದ್ದವನು, ಗ್ರೀನ್ ಕಾರ್ಡ್ ಸಾಯದ ಹಾಗೆ ಆಗಾಗ ಹೋಗಿಬರುತ್ತಾನೆ. ಮಂಗಳವಾರ ಕೆಲಸ ಮುಗಿಸಿ ಬರುವಾಗ ಒಳಗೆ ಹೋದೆ. ಗಿರಾಕಿಗಳು ಕಡಿಮೆಯಿದ್ದರು. ಅವನು ಕೌಂಟರಿನ ಹಿಂದೆ ನಿಂತು ಚಮಚಗಳನ್ನು ಒರೆಸುತ್ತಿದ್ದ.

"ನಿಮಗೂ ಬಂತಾ?" ಎಂದ, ನಾನು ಕೇಳುವ ಮೊದಲೇ.

"ಏನು?"

"ಎಂತದು ಅಂತ ನನ್ನ ಹತ್ರ ಕೇಳ್ತೀರಾ ಮಾರಾಯ್ರೆ? ಮಲ್ಲಪ್ಪನವರ ಪ್ರಸಾದ."

"ನಿಮಗೆ ಹೇಗೆ ಕೊಟ್ಟರು?"

"ನಮ್ಮ ಮಗುವಿನ ಹೆಸರಿಡ್ಲಿಕ್ಕೆ ಬಂದಿದ್ರಲ್ಲ. ತೊಟ್ಟಿಲಲ್ಲಿ ದಿಂಬಿನ ಅಡಿ ಇಟ್ಟು ಹೋಗಿದ್ರು. ನನ್ನ ಹೆಂಡತಿ ನವ್ಯಾ ಮಗುವನ್ನ ಎತ್ತಿದಾಗ ಸಿಕ್ಕಿತು. ನಾನು ವಾಪಸ್ ಕೊಡ್ತೇನೆ ಅಂದೆ. ತೊಟ್ಟಿಲಿಗೆ ಹಾಕಿದ್ದನ್ನ ವಾಪಸ್ ಕೊಡ್ಲಿಕ್ಕೆ ಉಂಟಾ, ಮಗುವಿಗೆ ಒಳ್ಳೇದಲ್ಲ ಅಂತ ಅವಳ ಅಮ್ಮ ಊರಿಂದ ಫೋನಲ್ಲಿ ಕೂತ್ರು. ಮತ್ತೆ ಎಂತ ಮಾಡುದು?"

ನನಗೆ ಉಡಿ, ಇವನಿಗೆ ತೊಟ್ಟಿಲು. ಬೇಡ ಎನ್ನಲಾಗದ ಜಾಗ ಹುಡುಕಿ ಅಲ್ಲಿ ಹಣ ಇಡುವುದು ಅವರ ಪದ್ಧತಿ. ಅದರಲ್ಲಿ ಒಂದು ಜಾಣತನವಿತ್ತು. ಮಲ್ಲಪ್ಪ ಕಾಕಾ ಅದನ್ನು ಜಾಣತನ ಎಂದುಕೊಂಡಿರಲಿಕ್ಕಿಲ್ಲ, ಸಂಪ್ರದಾಯ ಎಂದುಕೊಂಡಿರಬೇಕು.

"ನನ್ನ ಸ್ವಂತ ಹಣ, ಬೇರೆ ಯಾರೂ ಕೊಟ್ಟದ್ದಲ್ಲ ಅಂತ ಸಹಿ ಮಾಡಬೇಕಾಗತ್ತೆ, ಗೊತ್ತಲ್ಲ?" ಎಂದೆ. ಕೌನ್ಸಿಲ್‌ನ ಕಂಪ್ಯೂಟರಿನಲ್ಲಿ ಊಟದ ಹೊತ್ತಿನಲ್ಲಿ ನಾನು ಅಷ್ಟನ್ನು ಓದಿಕೊಂಡಿದ್ದೆ. ಬೇರೆಯವರ ಹಣವನ್ನು ತನ್ನ ಹೆಸರಿನಲ್ಲಿ ಕೊಡುವುದು ಅಲ್ಲಿ ಅಪರಾಧ.

"ಗೊತ್ತುಂಟು."

"ಸುಳ್ಳಲ್ಲವೇ?"

"ಸುಳ್ಳು ಹೌದು. ಸಣ್ಣ ಸುಳ್ಳು. ಅದೂ ಇಂಗ್ಲಿಷಿನಲ್ಲಿ." ಚಮಚವನ್ನು ಬೆಳಕಿಗೆ ಹಿಡಿದು ನೋಡಿದ. "ಈ ಕೌಂಟರಿನ ಕಲ್ಲು ನೋಡಿ. ಅರ್ಧ ರೇಟಿಗೆ ಹಾಕಿಸಿ ಕೊಟ್ರು. ನಾನು ಆಗ್ಲೇ ಸೈನ್ ಮಾಡಿ ಆಯ್ತು ಅಂತ ಲೆಕ್ಕ. ನಿಮಗೆ ಅಂಥದ್ದು ಎಂತ ಉಂಟು? ನೀವು ಬೇಡ ಅಂದ್ರೆ ಎಂತ ಹೋಗ್ತದೆ?"

ಏನು ಹೋಗುತ್ತದೆ ಎಂದು ಅವನಿಗೆ ಹೇಳಲಿಲ್ಲ. ಕಾಫಿ ಕುಡಿದು ಬಂದೆ. ದುಡ್ಡು ತೆಗೆದುಕೊಳ್ಳಲಿಲ್ಲ ಅವನು. ಅದೂ ಅನುಮಾನವಾಯಿತು. ಆ ದಿನಗಳಲ್ಲಿ ಯಾರಾದರೂ ಬಾಗಿಲು ತೆರೆದು ಹಿಡಿದರೂ ನಾನು ಅವರ ಮುಖ ನೋಡುತ್ತಿದ್ದೆ.

ಚಹಾಪಾರ್ಟಿ ಸೆಪ್ಟೆಂಬರಿನ ಮೂರನೆಯ ಭಾನುವಾರ, ಕ್ಯಾನರಿ ವಾರ್ಫ್ ಬಳಿ ನದಿಗೆ ಮುಖಮಾಡಿದ ಹೋಟೆಲಿನಲ್ಲಿ. ಬರುವುದಿಲ್ಲ ಎಂದು ನಾನು ಹೇಳಲಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ. ಆ ಭಾನುವಾರ ಮಧ್ಯಾಹ್ನ ಅವರ ಕಾರು ಮಿಠಾಯಿ ಅಂಗಡಿಯ ಮುಂದೆ ನಿಂತು ಹಾರ್ನ್ ಮಾಡಿತು. ನಾನು ಪಾಸ್‌ಪೋರ್ಟನ್ನು ಚೀಲದಲ್ಲಿ ಹಾಕಿಕೊಂಡು ಇಳಿದೆ. ಕಾಕು ಹಿಂದಿನ ಸೀಟಿನಲ್ಲಿದ್ದರು. ಅವರನ್ನು ಹತ್ತಿರದಿಂದ ನೋಡಬೇಕಿತ್ತು ನನಗೆ. ಹೋದದ್ದು ಅದಕ್ಕೆ.

ಮಗಳು ಪ್ರಿಯಾಂಕಾ ಕಾರು ನಡೆಸುತ್ತಿದ್ದಳು. ಕಾಕಾ ಅವಳ ಪಕ್ಕ, ಸೂಟಿನಲ್ಲಿ.

"ಫ್ಲೈಓವರ್ ಮ್ಯಾಲಿಂದ ಹೋಗು," ಎಂದರು ಕಾಕಾ.

"ಡ್ಯಾಡ್, ಐ ನೋ ದ ವೇ."

"ಹ್ಯಾಲ್ವರ್ಸನ್ ಬಂದರ ನಮಸ್ಕಾರ ಮಾಡಬ್ಯಾಡ್ರಿ. ಕೈ ಕುಲುಕ್ರಿ."

"ಹ್ಯಾಲ್ವರ್ಸನ್ ಕಾಲ್ಸ್ ಡ್ಯಾಡ್ ಮ್ಯಾಲ್," ಎಂದಳು ಪ್ರಿಯಾಂಕಾ ಕನ್ನಡಿಯಲ್ಲಿ ನನ್ನನ್ನು ನೋಡಿ. "ಮ್ಯಾಲ್. ಲೈಕ್ ಎ ಗ್ಯಾಂಗ್‌ಸ್ಟರ್."

"ಏನಂದಳು?" ಕಾಕು ಕೇಳಿದರು.

"ನಿನ್ನ ಗಂಡನ್ನ ದೊಡ್ಡ ಮನಶ್ಯಾ ಅಂದಳು," ಎಂದರು ಕಾಕಾ.

ಕಾಕು ನಗಲಿಲ್ಲ. ಹೊಸ ಇಳಕಲ್ ಸೀರೆ ಉಟ್ಟಿದ್ದರು. ಅದರ ಸೆರಗನ್ನು ಬೆರಳಿಗೆ ಸುತ್ತುತ್ತ ಬಿಡುತ್ತ ಕುಳಿತಿದ್ದರು. ಗೋಪುರಗಳು ಕಾಣಿಸಿದಾಗ ಅವರ ಕೈ ಬಂದು ನನ್ನ ಕೈ ಮೇಲೆ ಕುಳಿತಿತು. ನಿತೀಶನ ಆಫೀಸು ಅಲ್ಲೇ ಇತ್ತು. ಅವನು ಹೋದ ಮೇಲೆ ನಾನು ಈ ಕಡೆ ಬಂದಿರಲಿಲ್ಲ. ಕೈ ಎಳೆದುಕೊಳ್ಳಲಿಲ್ಲ. ಆದರೆ ಅದು ಯಾಕೆ ಬಂತು ಎಂದು ಯೋಚಿಸಿದೆ.

ಹೋಟೆಲಿನ ಹಜಾರದಲ್ಲಿ ಉದ್ದನೆಯ ಮೇಜು. ಅದರ ಹಿಂದೆ ಅಮೆರಿಕದ ಹುಡುಗಿಯೊಬ್ಬಳು, ಬಹಳ ಬಿಳಿ ಹಲ್ಲಿನವಳು. ಶ್ರೀಕಾಂತ್ ಆಗಲೇ ಬಂದು, ಸಹಿ ಮಾಡಿ, ಕೋಟಿಗೆ ಬ್ಯಾಡ್ಜ್ ಸಿಕ್ಕಿಸಿಕೊಂಡು ಸಮೋಸದಂಥದ್ದೇನನ್ನೋ ತಿನ್ನುತ್ತಿದ್ದ. ನನ್ನನ್ನು ನೋಡಿ ಬೇರೆ ಕಡೆ ತಿರುಗಿದ. ಒಳಗೆ ಯಾರೋ ಮೈಕಿನಲ್ಲಿ ತಮಾಷೆ ಮಾಡುತ್ತಿದ್ದರು, ಜನ ನಗುತ್ತಿದ್ದರು. ಎತ್ತರದ, ಬಿಳಿಗೂದಲಿನ ಒಬ್ಬ ಕಾಕಾನ ಹೆಗಲ ಮೇಲೆ ಕೈಹಾಕಿ, "ಮ್ಯಾಲ್, ನಿಮ್ಮ ಟೇಬಲ್ ತುಂಬಿತೇ?" ಎಂದ. ಅವನೇ ಹ್ಯಾಲ್ವರ್ಸನ್.

"ತುಂಬುತ್ತಿದೆ," ಎಂದು ಕಾಕಾ ಇಂಗ್ಲಿಷಿನಲ್ಲಿ ಹೇಳಿ ನನ್ನ ಕಡೆ ಕೈ ತೋರಿಸಿದರು. "ಇವಳು ನನ್ನ ಮಗಳಿದ್ದ ಹಾಗೆ. ಕ್ಯಾನ್ಸಸ್‌ನವಳು."

ಹ್ಯಾಲ್ವರ್ಸನ್ ನನ್ನ ಕೈ ಕುಲುಕಿ, ಕ್ಯಾನ್ಸಸ್‌ನಲ್ಲಿ ಎಲ್ಲಿ ಎಂದು ಕೇಳಿದ. ಹೇಳಿದೆ. ತುಂಬಾ ಒಳ್ಳೆಯ ಜನ ಅಲ್ಲಿಯವರು ಎಂದ. ನಾನು ಅಲ್ಲಿಂದ ಬಂದಾಗ ನನಗಿನ್ನೂ ಮಾತು ಬರುತ್ತಿರಲಿಲ್ಲ.

ಮೇಜಿನ ಮುಂದೆ ನಿಂತೆ. ಹುಡುಗಿ ಪಾಸ್‌ಪೋರ್ಟ್ ನೋಡಿ ನಕ್ಕಳು. ಒಂದು ಕಾರ್ಡ್ ಮುಂದಿಟ್ಟಳು.

"ಓದಿ ಸಹಿ ಮಾಡಿ. ಇದು ನಿಮ್ಮದೇ ಹಣ, ಯಾರೂ ನಿಮಗೆ ಇದಕ್ಕಾಗಿ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಅಷ್ಟೇ. ಬರೀ ಔಪಚಾರಿಕ."

ಕಾಕಾ ನನ್ನ ಬೆನ್ನ ಹಿಂದೆ ನಿಂತಿದ್ದರು. ಕಾಕು ಸ್ವಲ್ಪ ದೂರದಲ್ಲಿ, ಹೂಕುಂಡದ ಹತ್ತಿರ. ನಾನು ಪೆನ್ನು ಹಿಡಿದುಕೊಂಡು ಕಾಕುವಿನ ಕಡೆ ತಿರುಗಿ ನೋಡಿದೆ. ಒಂದು ಸನ್ನೆ ಮಾಡಿದ್ದರೆ ಸಾಕಿತ್ತು, ಮಾಡು ಎಂದೋ ಬೇಡ ಎಂದೋ. ಅವರು ನೆಲ ನೋಡುತ್ತಿದ್ದರು.

"ಇವತ್ತು ನಾನು ಕೊಡುವುದಿಲ್ಲ," ಎಂದೆ ಹುಡುಗಿಗೆ.

"ಪರವಾಗಿಲ್ಲ," ಎಂದಳು. ನಗು ಹಾಗೇ ಇತ್ತು. "ತಿಂಗಳ ಕೊನೆಯವರೆಗೆ ಇಂಟರ್‌ನೆಟ್ಟಿನಲ್ಲೂ ಕೊಡಬಹುದು. ಈ ತಿಂಗಳು ಮುಗಿಯುವುದರೊಳಗೆ ಬಂದರೆ ನಮಗೆ ತುಂಬ ಸಹಾಯ."

ಕಾಕಾ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟರು. "ತಿಂಗಳ ಕೊನೆಯೊಳಗೆ ಮಾಡುತ್ತಾಳೆ," ಎಂದು ಹ್ಯಾಲ್ವರ್ಸನ್‌ಗೆ ತಮ್ಮ ಇಂಗ್ಲಿಷಿನಲ್ಲಿ ಹೇಳಿದರು. ಹ್ಯಾಲ್ವರ್ಸನ್ ಇನ್ನೊಬ್ಬರ ಹೆಗಲ ಮೇಲೆ ಕೈಹಾಕಲು ಹೋಗಿಯಾಗಿತ್ತು.

ತಿರುಗಿ ಬರುವಾಗ ಕಾರಿನಲ್ಲಿ ರೇಡಿಯೋ ಮಾತ್ರ ಇತ್ತು. ನೀಸ್‌ಡನ್ ದಾಟಿದ ಮೇಲೆ ಕಾಕಾ ಒಂದೇ ಮಾತು ಹೇಳಿದರು.

"ಟೇಬಲ್ಲಿನಾಗ ಒಂದು ಕುರ್ಚಿ ಖಾಲಿ ಬಿದ್ದರ ಮಂದಿ ಅದನ್ನ ನೋಡತಾರ. ಕುಂತಾವರನ್ನ ಯಾರೂ ನೋಡೂದಿಲ್ಲ."



ಮಿಠಾಯಿ ಅಂಗಡಿಯ ಮುಂದೆ ಇಳಿದೆ. ಆ ಕಡೆಯ ಬಾಗಿಲು ತೆರೆದು ಕಾಕುವೂ ಇಳಿದರು.

"ನೀ ಎಲ್ಲಿಗೆ?" ಎಂದರು ಕಾಕಾ.

"ಆಕಿ ಕೂಡ ಚಹಾ ಕುಡಿದು ಬರ್ತೀನಿ. ನೀವು ನಡೀರಿ."

ಕಾಕಾ ಅವರನ್ನು ನೋಡಿದರು. ಆ ನೋಟದಲ್ಲಿ ಮೊದಲೇ ಮಾತಾಡಿಕೊಂಡಂಥದ್ದು ಏನೋ ಇತ್ತು. ಕಾರು ಹೋಯಿತು. ಹಾಗಾದರೆ ಇವರನ್ನು ಕಳಿಸಿದ್ದಾರೆ ಎಂದುಕೊಂಡೆ. ತಿಂಗಳ ಕೊನೆಗೆ ಇನ್ನೂ ದಿನಗಳಿದ್ದವು.

ಕಾಕು ಮೆಟ್ಟಿಲು ಹತ್ತಿ ಬಂದು ಅಡುಗೆಮನೆಯ ಸಣ್ಣ ಮೇಜಿನ ಮುಂದೆ ಕುಳಿತರು. ನಾನು ನೀರಿಟ್ಟೆ. ಬೀರುವಿನಿಂದ ಲಕೋಟೆ ತಂದು ಅವರ ಮುಂದೆ ಇಟ್ಟೆ.

"ಇದನ್ನ ಉಡಿಯೊಳಗ ಇಟ್ಟಾವರು ಯಾರು ಕಾಕು?"

"ನಾನ ಇಟ್ಟೆ."

ಅಷ್ಟು ಬೇಗ ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಹಾಲು ಹಾಕಲು ಹೋದವಳು ನಿಂತೆ.

"ಯಾತಕ್ಕಂತ ಗೊತ್ತಿತ್ತು?"

"ಗೊತ್ತಿತ್ತು." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಪೂರಾ ಅಲ್ಲ. ಅಮೆರಿಕಾದ ಎಲೆಕ್ಷನ್ ಅಂತ ಅಷ್ಟು ಗೊತ್ತಿತ್ತು. ನೀ ಸಹಿ ಮಾಡಬೇಕು ಅಂತ ಗೊತ್ತಿತ್ತು."

"ಹಂಗಾದರ ಉಡಿ ಅದಕ್ಕ ತುಂಬಿದ್ರಿ."

ಕೆಳಗೆ ಅಂಗಡಿಯವನು ಷಟರು ಅರ್ಧ ಎಳೆದ ಸದ್ದು ಬಂತು.

"ಹೋದ ಶ್ರಾವಣದಾಗ ಇವರನ್ನ ಕೇಳಿದ್ದೆ," ಎಂದರು ಕಾಕು. "ಸ್ಫೂರ್ತಿನ್ನೂ ಶುಕ್ರವಾರ ಕರೀಲೇನು ಅಂತ. ಮಂದಿ ಏನಂದಾರು ಅಂದರು. ಬರೂ ಹೆಣಮಕ್ಕಳು ಕೆಟ್ಟ ಅನಿಸ್ಕೋತಾರ ಅಂದರು. ಸುಮ್ಮನಾದೆ. ಶನಿವಾರ ನೀ ಬಂದು ತಣ್ಣನ ಹೋಳಗಿ ತಿಂದಿ. ಬಿಸಿ ಮಾಡ್ತೀನಿ ಅಂದರ ಬ್ಯಾಡ ಅಂದಿ."

ನನಗೆ ನೆನಪಿರಲಿಲ್ಲ.

"ಈ ಸಲ ತಾವ ಬಂದು ಅಂದರು, ಸ್ಫೂರ್ತಿಗೆ ಉಡಿ ತುಂಬು ಅಂತ. ಯಾಕ ಅಂತ ನಾ ಕೇಳಲಿಲ್ಲ. ಕೇಳಿದರ ಎಲ್ಲಿ ಬ್ಯಾಡ ಅಂದಾರು ಅಂತ ಅಂಜಿಕಿ. ಆವತ್ತು ಮುಂಜಾನೆ ಲಕೋಟಿ ಕೈಯಾಗ ಕೊಟ್ಟು ಹೇಳಿದರು. ಆಗ ತಾಟು ತಯಾರಿತ್ತು. ನಿನಗ ಫೋನು ಮಾಡಿಬಿಟ್ಟಿದ್ದೆ." ನಿಲ್ಲಿಸಿ ಮತ್ತೆ ಹೇಳಿದರು. "ಒಲ್ಲೆ ಅನ್ನಬಹುದಿತ್ತು. ಅಂದರ ಉಡೀನೂ ಇಲ್ಲ. ಯಾವ ನೆವದಿಂದರ ಆಗಲಿ ಅಂತ ಮಾಡಿದೆ."

"ಮಂದಿ ಇರಲಿಲ್ಲ. ಪರದೆ ಎಳದಿದ್ರಿ."

"ಎಳದಿದ್ದೆ. ಅಷ್ಟ ಧೈರ್ಯ ಇತ್ತು ನನಗ."

ಚಹಾ ಉಕ್ಕಿತು. ಒಲೆ ಆರಿಸಿದೆ. ಅವರು ಹೇಳಿದ್ದೆಲ್ಲ ನಿಜವೆಂದು ನಂಬಲು ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ. ಚೆನ್ನಾಗಿ ಹೇಳಿಕೊಟ್ಟು ಕಳಿಸಿದರೂ ಹೀಗೇ ಹೇಳಬಹುದಿತ್ತು. ಮೊದಲು ಮನಸ್ಸು ಕರಗಲಿ, ಆಮೇಲೆ ಸಹಿಯ ಮಾತು ಬರುತ್ತದೆ ಎಂದು ಕಾದೆ. ಚಹಾ ಸೋಸಿ ಕೊಟ್ಟೆ. ಕಾಕು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಆರಿಸಿ ಕುಡಿದರು. ಸಹಿಯ ಮಾತು ಬರಲಿಲ್ಲ.

"ಲಕೋಟಿ?" ಎಂದೆ ನಾನೇ. "ಉಡಿಯಾಗ ಬಿದ್ದದ್ದನ್ನ ತಿರುಗಿ ಕೊಡೂಹಂಗಿಲ್ಲಂತ ಕಾಕಾ ಅಂದರು."

ಕಾಕು ಲಕೋಟೆಯನ್ನು ಎತ್ತಿ ತಮ್ಮ ಕೈಚೀಲದಲ್ಲಿ ಹಾಕಿ ಜಿಪ್ ಎಳೆದರು.

"ಅಕ್ಕಿ ನಿಂದು. ಖಣ ನಿಂದು. ಇದನ್ನ ನಾ ಹಾಕಬಾರದಿತ್ತು, ಹಾಕಿದೆ. ಹಾಕಿದಾಕಿ ನಾ ತಗೀತೀನಿ. ಅದರಾಗ ಏನು ಶಾಸ್ತ್ರ ಐತಿ."

ಆಗ ಅವರ ಮೊಬೈಲು ರಿಂಗಾಯಿತು. ಹೆಸರು ನೋಡಿದರು. ಎದ್ದು ಮುಂದಿನ ಕೋಣೆಗೆ ಹೋದರು. ನಾನು ಬಸಿ ತೊಳೆಯುವ ನೀರನ್ನು ನಿಲ್ಲಿಸಿದೆ. ಕೇಳಿಸಿಕೊಳ್ಳಬೇಕೆಂದೇ ನಿಲ್ಲಿಸಿದೆ.

"ಹಾಂ, ಇಲ್ಲೇ ಇದ್ದೀನಿ," ಎನ್ನುತ್ತಿದ್ದರು. "ಇಲ್ರೀ. ಕೇಳಿಲ್ಲ." ಆ ಕಡೆಯಿಂದ ಮಾತು ಬಹಳ ಹೊತ್ತು ಬಂತು. "ಕೇಳು ಅಂತ ಕಳಿಸಿದ್ರಿ, ಖರೆ. ಕೇಳಂಗಿಲ್ಲ ನಾ. ಲಕೋಟಿ ನನ್ನ ಕಡೆ ಐತಿ." ಮತ್ತೆ ಕೇಳಿಸಿಕೊಂಡರು. "ಬೈಯೂದಿದ್ದರ ಮನ್ಯಾಗ ಬೈರಿ. ಪ್ರಿಯಾಂಕಾನ್ನ ಕಳಸಬ್ಯಾಡ್ರಿ, ನಾ ಬರ್ತೀನಿ."

ಒಳಗೆ ಬಂದರು. ನಾನು ನಲ್ಲಿ ಬಿಟ್ಟೆ.

"ಇಲ್ಲಿಂದ ಸ್ಟ್ಯಾನ್‌ಮೋರ್‌ಗೆ ಟ್ಯೂಬ್ ಹೋಗತೈತೇನು?" ಎಂದು ಕೇಳಿದರು.

"ಹೋಗತೈತಿ. ಎರಡ ಸ್ಟೇಷನ್."

"ಟಿಕೆಟ್ ಎಲ್ಲಿ ತಗೋಬೇಕು?"

ಇಪ್ಪತ್ತು ವರ್ಷ ಲಂಡನ್ನಿನಲ್ಲಿದ್ದ ಅವರು ಒಬ್ಬರೇ ಟ್ಯೂಬ್ ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಕಾರು ಬಂದು ಒಯ್ಯುತ್ತಿತ್ತು, ಕಾರು ತಂದು ಬಿಡುತ್ತಿತ್ತು. ಅವರು ಮತ್ತೆ ಈ ಮನೆಗೆ ಬರುತ್ತಾರೋ, ನನಗೆ ಆ ಮನೆಯ ಬಾಗಿಲು ತೆರೆದಿರುತ್ತದೋ ತಿಳಿಯಲಿಲ್ಲ. ಬಹುಶಃ ಇರುವುದಿಲ್ಲ. ಕಾಕಾ ಖಾಲಿ ಕುರ್ಚಿಯನ್ನು ಮರೆಯುವವರಲ್ಲ.

"ನಾ ಬರ್ತೀನಿ," ಎಂದೆ. "ಮನಿ ತನಕ."

"ಮನಿ ತನಕ ಬ್ಯಾಡ. ಸ್ಟೇಷನ್ ತನಕ ಬಾ."

ನಾನು ಕೋಟು ಹಾಕಿಕೊಂಡೆ. ಕಾಕು ಆಗಲೇ ಚಪ್ಪಲಿ ಮೆಟ್ಟಿ, ಚೀಲವನ್ನು ಎದೆಗವಚಿಕೊಂಡು ಬಾಗಿಲ ಹೊರಗೆ ನಿಂತಿದ್ದರು.